ದೋಣಿಯ ಡೆಕ್‌ಗೆ ತೇಗವೋ ಪಿವಿಸಿಯೋ? ಸಿಹಿನೀರಿನ ಲೆಕ್ಕ ಬೇರೆ

ಯಗಚಿ, ಹೇಮಾವತಿ, ಭದ್ರಾ ಹಿನ್ನೀರಿನಲ್ಲಿ ಓಡಿಸುವ ದೋಣಿಗೆ ಡೆಕ್ (ಓಡಾಡುವ ನೆಲಹಾಸು) ಹಾಕಿಸುವವರು ಮೊದಲು ಕೇಳುವುದು ಮಂಗಳೂರು, ಮಲ್ಪೆ ಕಡೆಯ ದೋಣಿ ಕಟ್ಟುವವರನ್ನು. ಅವರು ಹೇಳುವುದು ಕಡಲಿಗೆ ಸರಿ. ಉಪ್ಪುನೀರಿನಲ್ಲಿ ಮರ ಕೊರೆಯುವ ಹುಳು ಇದೆ, ಆದರೆ ಮರ ಕೊಳೆಸುವ ಶಿಲೀಂಧ್ರಕ್ಕೆ ಉಪ್ಪು ಆಗಿಬರುವುದಿಲ್ಲ. ನಮ್ಮಲ್ಲಿ ಆ ಹುಳುವಿನ ಕಾಟ ಇಲ್ಲ; ಬದಲಿಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಲಗೆಗೆ ಸರಿಯಾಗಿ ಒಣಗಲು ಪುರುಸೊತ್ತೇ ಸಿಗುವುದಿಲ್ಲ. ಮಳೆನೀರು ಸಂದಿಗಿಳಿದು ನಿಂತರೆ ಕೆಳಗಿನ ಪ್ಲೈವುಡ್ ಸದ್ದಿಲ್ಲದೆ ಪುಡಿಯಾಗುತ್ತದೆ. ಆದ್ದರಿಂದ ಮೇಲೆ ಏನು ಹಾಸಿದ್ದೀರಿ ಎನ್ನುವುದಕ್ಕಿಂತ ಅದರಡಿ ನೀರು ನುಸುಳುತ್ತದೆಯೇ ಎಂಬುದನ್ನೇ ಇಲ್ಲಿ ಮೊದಲು ನೋಡಬೇಕು.

ಮೊದಲು ತೂಕ. ಸಿಂಥೆಟಿಕ್ ಹಗುರ ಎಂದು ಮಾರುವವರು ಹೇಳುತ್ತಾರೆ. 100 ಚದರ ಅಡಿಗೆ 10 ಮಿ.ಮೀ. ತೇಗ ಸುಮಾರು 60 ಕೆಜಿ. 5 ಮಿ.ಮೀ. ಪಿವಿಸಿ ಹಾಳೆಯೂ ಹೆಚ್ಚುಕಮ್ಮಿ ಅಷ್ಟೇ. ನಿಜಕ್ಕೂ ಹಗುರವಾಗಿರುವುದು ಇವಿಎ ಫೋಮ್ ಎಂಬ ಮೆತ್ತನೆ ಪ್ಲಾಸ್ಟಿಕ್ ಹಾಸು: 6 ಮಿ.ಮೀ. ದಪ್ಪದ್ದು 10 ಕೆಜಿಯ ಆಸುಪಾಸು. ಹೋಮ್‌ಸ್ಟೇ ಜಗಲಿಗೆ ಹಾಕುವ ಪೊಳ್ಳು ಡಬ್ಲ್ಯೂಪಿಸಿ (ಮರದ ಪುಡಿ, ಪ್ಲಾಸ್ಟಿಕ್ ಬೆರೆಸಿದ) ಹಲಗೆ 150 ಕೆಜಿ ದಾಟುತ್ತದೆ, ಅದರಡಿಯ ಫ್ರೇಮ್ ಬೇರೆ. ಮೇಲಾಗಿ ಪೊಳ್ಳಿನೊಳಗೆ ನೀರು ಕೂರುತ್ತದೆ. ದೋಣಿಗೆ ಅದು ಬೇಡವೇ ಬೇಡ.

ತೇಗದ ಗುಣದ ಬಗ್ಗೆ ಎರಡು ಮಾತಿಲ್ಲ, ಆದರೆ ಯಾವ ತೇಗ ಎಂಬುದನ್ನು ನೋಡಬೇಕು. ತೋಟದ ಎಳೆ ಮರದಲ್ಲಿ ಬಿಳಿ ಭಾಗವೇ ಜಾಸ್ತಿ. ಬಾಳಿಕೆ ಬರುವುದು ಒಳಗಿನ ಕಂದು ಚೇಗು ಮಾತ್ರ. ಹಲಗೆಯ ಅಂಚಿನಲ್ಲಿ ಒಂದು ಬೆರಳು ಬಿಳಿ ಕಂಡರೂ ಅದನ್ನು ಪಕ್ಕಕ್ಕಿಡಿ. ಮೊದಲು ಮೆತ್ತಗಾಗುವುದು ಅಲ್ಲೇ. ಹಲಗೆಯ ತುದಿ ನೋಡಿದರೆ ಉಂಗುರದ ಗೆರೆಗಳು ನೆಟ್ಟಗೆ ನಿಂತಿರಬೇಕು. ಗೆರೆ ಮಲಗಿದ್ದರೆ ಒಂದೇ ಮಳೆಗಾಲಕ್ಕೆ ಅಂಚು ಎದ್ದು ನಡು ಗುಳಿ ಬೀಳುತ್ತದೆ. ಬರಿ ಲೆಕ್ಕಕ್ಕೆ 100 ಚದರ ಅಡಿಗೆ 3.3 ಸಿಎಫ್‌ಟಿ (ಘನ ಅಡಿ) ಮರ ಸಾಕು, ಆದರೆ ಸಾಮಿಲ್‌ನ ಗರಗಸದ ಪುಡಿ, ಹತ್ತರಿ, ತೆಗೆದುಹಾಕುವ ಬಿಳಿ ಎಲ್ಲ ಸೇರಿ 7 ಸಿಎಫ್‌ಟಿಗೆ ದುಡ್ಡು ತೆಗೆದಿಡಿ. ಬಿಲ್ಲು, ಸಾಗಾಣಿಕೆ ಪರವಾನಗಿ ಇಲ್ಲದ ತೇಗ ಎಷ್ಟೇ ಅಗ್ಗವಾದರೂ ಮುಟ್ಟಬೇಡಿ. ತೋಟದಲ್ಲಿ ಬೇಕಾದಷ್ಟಿದೆ ಎಂದು ಸಿಲ್ವರ್ ಓಕ್ ಹಲಗೆಗೂ ಕೈಹಾಕಬೇಡಿ. ಒಳಾಂಗಣದ ಪೀಠೋಪಕರಣಕ್ಕೆ ಅದು ಚೆನ್ನ. ಮಳೆಯಲ್ಲಿ ನಿಲ್ಲುವ ಮರ ಅಲ್ಲ. ತೇಗ ಸಿಗದಿದ್ದರೆ ಹೆಬ್ಬಲಸು ಕೇಳಿ. ಕರಾವಳಿಯಲ್ಲಿ ದೋಣಿಗೇ ಬಳಸುವ ಮರ ಅದು.

ಕೂರಿಸುವ ಕ್ರಮದಲ್ಲೇ ಅರ್ಧ ಆಯಸ್ಸಿದೆ. 45–50 ಮಿ.ಮೀ. ಅಗಲದ ಪಟ್ಟಿ, ನಡುವೆ 5 ಮಿ.ಮೀ. ಸಂದಿ. ಸ್ಕ್ರೂ ಬೇಡ, ಅಂಟಿನಲ್ಲೇ ಕೂರಿಸಿ. ಒಂದೊಂದು ಸ್ಕ್ರೂ ತೂತೂ ನೀರಿಗೆ ಒಂದೊಂದು ದಾರಿ. ತೇಗದಲ್ಲಿ ಎಣ್ಣೆ ಇರುವುದರಿಂದ ಅಂಟು ಹಚ್ಚುವ ಸ್ವಲ್ಪ ಮುಂಚೆ ಅಸಿಟೋನ್‌ನಲ್ಲಿ ಒರೆಸಬೇಕು. ಹಿಂದಿನ ದಿನ ಒರೆಸಿಟ್ಟರೆ ಎಣ್ಣೆ ಮತ್ತೆ ಮೇಲೆ ಬಂದಿರುತ್ತದೆ. ಸಂದಿಯ ತಳಕ್ಕೆ ಮೊದಲು ತೆಳು ಟೇಪ್ ಹಾಕಿ, ಅದರ ಮೇಲೆ ಸೀಲಂಟ್ (ಸಂದಿ ಮುಚ್ಚುವ ರಬ್ಬರಿನಂಥ ಅಂಟು) ತುಂಬಿ. ಹೆಚ್ಚಿನವರು ಬಿಡುವ ಹಂತ ಇದೇ. ಟೇಪ್ ಇಲ್ಲದಿದ್ದರೆ ಸೀಲಂಟ್ ಎರಡು ಬದಿಗೂ ತಳಕ್ಕೂ ಕಚ್ಚಿಕೊಳ್ಳುತ್ತದೆ. ಮರ ಹಿಗ್ಗಿ ಕುಗ್ಗುವಾಗ ಅದಕ್ಕೆ ಎಳೆದಾಡಲು ಜಾಗವಿಲ್ಲದೆ ಒಂದು ಬದಿ ಬಿಟ್ಟುಕೊಳ್ಳುತ್ತದೆ. ಕಣ್ಣಿಗೆ ಕೂದಲೆಳೆಯಷ್ಟು ಗೆರೆ, ಒಳಗೆ ಮಳೆಗಾಲವಿಡೀ ನೀರು.

ಆಮೇಲೆ ಪಾಚಿ. ಮೆತ್ತನೆ ಬ್ರಷ್‌ನಿಂದ ಮರದ ಎಳೆಗೆ ಅಡ್ಡಲಾಗಿ ತಿಕ್ಕಿ. ಉದ್ದಕ್ಕೆ ತಿಕ್ಕಿದರೆ ಮೆತ್ತನೆ ಎಳೆ ಎದ್ದುಹೋಗಿ ಸಾಲುಸಾಲು ತಗ್ಗು ಬೀಳುತ್ತದೆ. ಪ್ರೆಶರ್ ವಾಷರ್ ಅದನ್ನೇ ಒಂದು ಬೆಳಗ್ಗೆಯಲ್ಲಿ ಮಾಡಿಬಿಡುತ್ತದೆ. ಅಗಸೆ ಎಣ್ಣೆ ಹಚ್ಚಿದರೆ ಮಲೆನಾಡಿನ ಥಂಡಿಗೆ ಕಪ್ಪು ಬೂಷ್ಟು ಹಿಡಿಯುತ್ತದೆ. ಬಣ್ಣ ಬೂದಿಯಾದರೆ ಆಗಲಿ ಬಿಡಿ, ಅದು ಮರದ ರೋಗವಲ್ಲ.

ಪಿವಿಸಿ ಹಾಳೆಯ ದೊಡ್ಡ ಬಲ ಎಂದರೆ ಸಂದಿಯೇ ಇಲ್ಲ. ಫ್ಲೆಕ್ಸಿಟೀಕ್ ಥರದ ಬ್ರ್ಯಾಂಡ್‌ಗಳಲ್ಲಿ ಕಪ್ಪು ಗೆರೆ ಕಾಣುತ್ತದೆ, ಆದರೆ ಪಟ್ಟಿಗಳನ್ನು ಬಿಸಿಗಾಳಿಯಲ್ಲಿ ಬೆಸೆದು ಒಂದೇ ಹಾಳೆ ಮಾಡಿರುತ್ತಾರೆ. ನಮ್ಮ ಮಳೆಗೆ ಇದಕ್ಕಿಂತ ಬೇರೇನು ಬೇಕು? ಬಿಸಿಲಿಗೆ ಮಾತ್ರ ಇದು ಸೋಲುತ್ತದೆ. ಮಾರ್ಚ್, ಏಪ್ರಿಲ್ ಮಧ್ಯಾಹ್ನ ಮೇಲ್ಛಾವಣಿ ಇಲ್ಲದ ದೋಣಿಯಲ್ಲಿ ಕಡು ಕಂದು ಪಿವಿಸಿ ಮೇಲೆ ಬರಿಗಾಲಿಡಲು ಆಗುವುದಿಲ್ಲ. ತಿಳಿ ಬೂದು ಬಣ್ಣವನ್ನೇ ಆರಿಸಿ. ಸುರುಳಿ ಬಿಚ್ಚಿ ಒಂದು ದಿನ ನೆಲದ ಮೇಲೆ ಹರಡಿಟ್ಟ ಮೇಲೆಯೇ ಕತ್ತರಿಸಬೇಕು. ನಡುಮಧ್ಯಾಹ್ನ ಹಿಗ್ಗಿದ ಹಾಳೆಯನ್ನು ಅಳೆದು ಕತ್ತರಿಸಿದರೆ ಡಿಸೆಂಬರ್ ಚಳಿಗೆ ಅಂಚು ಕುಗ್ಗಿ ನಿಲ್ಲುತ್ತದೆ. ಅಂಟನ್ನು ಹಲ್ಲಿನ ಕರಣೆಯಲ್ಲಿ ಪೂರ್ತಿ ಹರಡಿ, ನಡುವಿನಿಂದ ಅಂಚಿನತ್ತ ರೋಲರ್ ಓಡಿಸಿ, ಮರಳುಚೀಲ ಹೇರಿ ಒಂದು ದಿನ ಬಿಡಿ. ಕಪ್ಪು ರಬ್ಬರ್ ಮ್ಯಾಟ್ ಹಾಸಬೇಡಿ: ರಬ್ಬರಿನ ಕಲೆ ಪಿವಿಸಿಯೊಳಗೇ ಇಳಿಯುತ್ತದೆ, ತಿಕ್ಕಿದರೂ ಹೋಗುವುದಿಲ್ಲ. ಹಕ್ಕಿಯ ಹಿಕ್ಕೆ, ಕಾಫಿ, ಕೆಂಪು ಮಣ್ಣು ಸೋಪುನೀರಿಗೆ ಹೋಗುತ್ತವೆ.

ಇವಿಎ ಫೋಮ್ (ಸೀಡೆಕ್ ಬ್ರ್ಯಾಂಡ್ ಈ ಜಾತಿ) ಕಾಲಿಗೆ ಹಿತ, ಅಂಟಿಸುವುದೂ ಸುಲಭ. ಆದರೆ ಕೆಂಪು ಮಣ್ಣು ಮೆತ್ತಿದ ಬೂಟುಗಳು ದಿನವಿಡೀ ಓಡಾಡುವ ಪ್ರವಾಸಿ ದೋಣಿಯಲ್ಲಿ ಅದು ಬೇಗ ಸವೆಯುತ್ತದೆ, ಪೆಟ್ರೋಲ್ ಚೆಲ್ಲಿದಲ್ಲಿ ಉಬ್ಬುತ್ತದೆ. ಮೀನು ಹಿಡಿಯುವ ಸಣ್ಣ ಖಾಸಗಿ ದೋಣಿಗೆ ಸಾಕು.

ನಮ್ಮ ತೀರ್ಪು: ಜನ ಹತ್ತಿಸುವ ದೋಣಿಗೆ ತಿಳಿ ಬಣ್ಣದ ಪಿವಿಸಿ. ಕೈ ಹಿಡಿಯುವ ಕಂಬಿ, ಮೆಟ್ಟಿಲು, ಅಂಚುಪಟ್ಟಿಗೆ ತೇಗ. ಅಲ್ಲಿ ಎಲ್ಲ ಬದಿಗೂ ಗಾಳಿಯಾಡುತ್ತದೆ, ಕೈಗೂ ಹಿತ. ಪೂರ್ತಿ ತೇಗ ಬೇಕೆಂದರೆ ಮಳೆಗಾಲದಲ್ಲಿ ದೋಣಿ ನಿಲ್ಲಿಸಲು ಸೂರು ಇರಲೇಬೇಕು.

ಏನೇ ಹಾಸಿದರೂ ಅಡಿಗೆ ಐಎಸ್ 710 (ಮರೈನ್ ಪ್ಲೈವುಡ್‌ನ ಭಾರತೀಯ ಮಾನಕ) ಗುರುತಿನ ಪ್ಲೈವುಡ್ ಹಾಕಿ, ಕತ್ತರಿಸಿದ ಅಂಚಿಗೂ ತೂತಿಗೂ ಎಪಾಕ್ಸಿ ಕುಡಿಸಿ. ಅಲ್ಯೂಮಿನಿಯಂ ದೋಣಿಯಾದರೆ ಇನ್ನೊಂದು ಎಚ್ಚರ: ಪ್ಲೈವುಡ್‌ಗೆ ಹಾಕಿದ ಔಷಧದಲ್ಲಿ ತಾಮ್ರವಿದ್ದರೆ, ಒದ್ದೆಯಾದಾಗ ಅದು ಲೋಹವನ್ನೇ ತಿನ್ನುತ್ತದೆ. ಎರಡೂ ಬದಿಗೆ ಎಪಾಕ್ಸಿ ಬಳಿದೇ ಕೂರಿಸಿ. ಕೆಲಸವನ್ನು ಡಿಸೆಂಬರ್‌ನಿಂದ ಮಾರ್ಚ್‌ವರೆಗಿನ ಒಣಹವೆಯಲ್ಲಿ ಮುಗಿಸಿಕೊಳ್ಳಿ. ಕೊನೆಯ ಕಂತು ಕೊಡುವ ಮುಂಚೆ ಸುತ್ತಿಗೆಯ ಹಿಡಿಯಿಂದ ಡೆಕ್ಕಿನ ಉದ್ದಗಲಕ್ಕೂ ತಟ್ಟುತ್ತಾ ಬನ್ನಿ. ಗಟ್ಟಿ ಸದ್ದು ಹೋಗಿ ಪೊಳ್ಳು ಸದ್ದು ಬಂದಲ್ಲಿ ಸೀಮೆಸುಣ್ಣದ ಗುರುತು ಹಾಕಿ. ಆ ಜಾಗವನ್ನು ಎಬ್ಬಿಸಿ ಮತ್ತೆ ಅಂಟಿಸುವವರೆಗೆ ದೋಣಿ ನೀರಿಗೆ ಇಳಿಸಬೇಡಿ.