ವಿಶ್ವಕಪ್ ಫುಟ್‌ಬಾಲ್ ಚಾರ್ಟ್: ನೋಡೋಕೆ ಚೆಂದ, 1950ರಲ್ಲಿ ಎಡವಟ್ಟು

ದಾವಣಗೆರೆಯ ಸ್ಟೇಷನರಿ ಅಂಗಡಿಯೊಂದರಲ್ಲಿ ಸಿಗುವ ಈ ಕನ್ನಡ ಗೋಡೆ ಚಾರ್ಟ್ ಎರಡಡಿ ಅಗಲ, ಮೂರಡಿ ಉದ್ದ. ದಪ್ಪ ಅಕ್ಷರ, ಕೊನೇ ಬೆಂಚಿಗೂ ಕಾಣುತ್ತೆ. 1930ರ ಸಾಲು ಸರಿಯಾಗಿದೆ: 13 ತಂಡ, ಫೈನಲ್‌ನಲ್ಲಿ ಉರುಗ್ವೆ 4, ಅರ್ಜೆಂಟೀನಾ 2. ಯುದ್ಧದಿಂದಾಗಿ ನಡೆಯದ 1942, 1946ನ್ನೂ ಮರೆತಿಲ್ಲ.

ಎಡವಿರುವುದು 1950ರಲ್ಲಿ. ‘ಫೈನಲ್: ಉರುಗ್ವೆ 2, ಬ್ರೆಜಿಲ್ 1’ ಎಂದು ಹಾಕಿದ್ದಾರೆ. ಆ ವರ್ಷ ಫೈನಲ್ ಅನ್ನೋದೇ ಇರಲಿಲ್ಲ! ನಾಲ್ಕು ಗುಂಪುಗಳ ವಿಜೇತರು ಮತ್ತೆ ಲೀಗ್ ಆಡಿದರು. ಗೆಲುವಿಗೆ 2 ಅಂಕ, ಡ್ರಾಗೆ 1. ಕೊನೇ ಪಂದ್ಯಕ್ಕೆ ಇಳಿಯುವಾಗ ಬ್ರೆಜಿಲ್ ಬಳಿ 4, ಉರುಗ್ವೆ ಬಳಿ 3. ಬ್ರೆಜಿಲ್‌ಗೆ ಡ್ರಾ ಸಾಕಿತ್ತು. ಅದನ್ನು ಹೇಳದಿದ್ದರೆ ಪಂದ್ಯ ನಡೆದ ರಿಯೊದ ಮಾರಕಾನಾ ಕ್ರೀಡಾಂಗಣ ಯಾಕೆ ಸ್ತಬ್ಧವಾಯಿತು ಅಂತ ಮಕ್ಕಳಿಗೆ ತಿಳಿಯೋದು ಹೇಗೆ?

ಕೆಳಗಿನ ಚೌಕದಲ್ಲಿ ಮತ್ತದೇ ಹಳೇ ಕಥೆ: ಬರಿಗಾಲಲ್ಲಿ ಆಡಲು ಬಿಡದ್ದಕ್ಕೆ ಭಾರತ 1950ರ ವಿಶ್ವಕಪ್‌ಗೆ ಹೋಗಲಿಲ್ಲವಂತೆ. ಆದರೆ ಭಾರತದ ಫುಟ್‌ಬಾಲ್ ಫೆಡರೇಷನ್ ಆಗ ಕೊಟ್ಟ ಕಾರಣಗಳಲ್ಲಿ ತಂಡದ ಆಯ್ಕೆಯ ಭಿನ್ನಾಭಿಪ್ರಾಯ, ಅಭ್ಯಾಸಕ್ಕೆ ಸಮಯ ಸಾಲದ್ದು ಇದ್ದವು. 1951 ಮತ್ತು 1962ರ ಏಷ್ಯನ್ ಗೇಮ್ಸ್ ಫುಟ್‌ಬಾಲ್‌ನಲ್ಲಿ ಭಾರತ ಗೆದ್ದ ಚಿನ್ನಕ್ಕೆ ಮಾತ್ರ ಚಾರ್ಟ್‌ನಲ್ಲಿ ಜಾಗವಿಲ್ಲ.

ಲ್ಯಾಮಿನೇಷನ್ ಹೊಳೆಯುತ್ತೆ, ಕಿಟಕಿ ಎದುರಿಗೆ ಹಾಕಬೇಡಿ. ಬೇಸಿಗೆಯ ಸೆಕೆಗೆ ಡಬಲ್ ಟೇಪ್ ಬಿಟ್ಟುಕೊಳ್ಳುತ್ತೆ. ಮೇಲೆ ಕೆಳಗೆ ಮರದ ಪಟ್ಟಿ ಹೊಡೆಸಿ, ದಾರ ಕಟ್ಟಿ ತೂಗುಹಾಕಿ. 1950ರ ‘ಫೈನಲ್’ ಮೇಲೆ ಬಿಳಿ ಸ್ಟಿಕ್ಕರ್ ಅಂಟಿಸಿ, ‘ಅಂತಿಮ ಲೀಗ್‌ನ ಕೊನೇ ಪಂದ್ಯ’ ಅಂತ ಬರೆದುಕೊಳ್ಳಿ.