ಪಿಂಕ್ ಫ್ಲಾಯ್ಡ್ ಮೊದಲ ಆಲ್ಬಮ್: ಮೊನೊ ತಗೊಳ್ಳೋದಾ, ಸ್ಟೀರಿಯೊನಾ?

ಬ್ರಿಟಿಷ್ ರಾಕ್ ತಂಡ ಪಿಂಕ್ ಫ್ಲಾಯ್ಡ್‌ನ ಮೊದಲ ಆಲ್ಬಮ್, 1967ರ 'ದ ಪೈಪರ್ ಅಟ್ ದ ಗೇಟ್ಸ್ ಆಫ್ ಡಾನ್', ಮೊನೊದಲ್ಲಿ ತಗೊಳ್ಳಲಾ, ಸ್ಟೀರಿಯೊದಲ್ಲಾ ಅಂತ ಕೇಳಿದ್ದೀರಿ. ಲಂಡನ್ನಿನ ಆಬಿ ರೋಡ್ ಸ್ಟುಡಿಯೋದಲ್ಲಿ ನಾರ್ಮನ್ ಸ್ಮಿತ್ ನಿರ್ಮಿಸಿದ ಈ ಆಲ್ಬಮ್‌ಗೆ ಮೊನೊ (ಎರಡೂ ಕಡೆಯಿಂದ ಒಂದೇ ಶಬ್ದ), ಸ್ಟೀರಿಯೊ (ಎಡಕ್ಕೆ, ಬಲಕ್ಕೆ ಬೇರೆ ಬೇರೆ ಶಬ್ದ) ಎರಡೂ ಮಿಕ್ಸ್, ಅಂದರೆ ಶಬ್ದ ಜೋಡಣೆ, ಇವೆ, ಎರಡೂ ಬೇರೆ ಬೇರೆಯಾಗಿಯೇ ಕೇಳಿಸುತ್ತವೆ.

ಹೆಡ್‌ಫೋನ್‌ನಲ್ಲಿ ಕೇಳುವವರಿಗೆ ಸ್ಟೀರಿಯೊ. ಇದರಲ್ಲಿರುವ 'ಇಂಟರ್‌ಸ್ಟೆಲ್ಲಾರ್ ಓವರ್‌ಡ್ರೈವ್' ಒಂಬತ್ತು ನಿಮಿಷ ದಾಟುತ್ತೆ, ಕೊನೆಗೆ ಶಬ್ದ ಎಡಕಿವಿಯಿಂದ ಬಲಕಿವಿಗೆ, ಮತ್ತೆ ಎಡಕ್ಕೆ ಓಡಾಡುತ್ತೆ. ರಾತ್ರಿ ಲೈಟ್ ಆರಿಸಿ ಕೇಳಿ, ತಲೆ ಗಿರ್ ಅನ್ನುತ್ತೆ! ಆದರೆ ಕೆಲವರಿಗೆ ಇದೇ ಜಾಸ್ತಿ ಅನ್ನಿಸಬಹುದು.

ಮನೆಯಲ್ಲಿ ಸ್ಪೀಕರ್ ಹಾಕಿ ಕೇಳೋದಾದರೆ ನನಗೆ ಮೊನೊ ಇಷ್ಟ. ಡ್ರಮ್ಸು, ಬೇಸು, ಗಿಟಾರು ಎಲ್ಲ ಒಟ್ಟಿಗೆ ಎದೆಗೆ ಬಂದು ಬಡಿಯುತ್ತವೆ, 'ಲೂಸಿಫರ್ ಸ್ಯಾಮ್' ಹಾಡು ಹಾಕಿ ನೋಡಿ, ಗೊತ್ತಾಗುತ್ತೆ.

ಈ ಆಲ್ಬಮ್‌ನ ಹಳೇ ಅಮೆರಿಕನ್ ಎಲ್‌ಪಿ (ದೊಡ್ಡ ಗ್ರಾಮಫೋನ್ ತಟ್ಟೆ) ಸಿಕ್ಕಿದರೆ ಹಿಂಬದಿಯ ಹಾಡುಗಳ ಪಟ್ಟಿ ಓದಿ. ಅದರಲ್ಲಿ 'ಸೀ ಎಮಿಲಿ ಪ್ಲೇ' ಇದೆ, ಸರಿ, ಆದರೆ 'ಆಸ್ಟ್ರಾನಮಿ ಡಾಮಿನೆ', 'ಫ್ಲೇಮಿಂಗ್', 'ಬೈಕ್' ಮೂರೂ ಇಲ್ಲ. ತಂಡದ ಗಾಯಕ, ಹಾಡುಗಾರ ಸಿಡ್ ಬ್ಯಾರೆಟ್‌ರ ಹುಚ್ಚು ಕಲ್ಪನೆ ನೋಡಬೇಕಂದರೆ ಆ ಮೂರು ಬೇಕೇ ಬೇಕು ಅಲ್ವಾ? ಸಂಗ್ರಹ ಮಾಡುವವರಿಗೆ ಸರಿ, ಮೊದಲ ಸಲ ಕೇಳುವವರಿಗೆ ಬೇಡ.

ಒಂದನ್ನೇ ಆರಿಸೋಕೆ ಮನಸ್ಸಿಲ್ಲದಿದ್ದರೆ 2007ರ ಮೂರು ಸಿಡಿಯ ಸೆಟ್ ಹುಡುಕಿ. ಮೊನೊ, ಸ್ಟೀರಿಯೊ ಎರಡೂ ಇವೆ, ಮೂರನೇ ಡಿಸ್ಕ್‌ನಲ್ಲಿ 'ಸೀ ಎಮಿಲಿ ಪ್ಲೇ' ಕೂಡ.