ಹಿಂದಿನ ಕಾಲಿಲ್ಲದ ಕುರ್ಚಿ, ಗಾಜಿನ ಟೇಬಲ್: 11 ವರ್ಷ ಬಳಸಿದ ಮೇಲೆ

ನಮ್ಮ ಮನೆ ಇರುವುದು ಚಿಕ್ಕಮಗಳೂರಿನಲ್ಲಿ. ಕೆಂಪು ಗಾರೆ ನೆಲದ ಹಳೇ ಮನೆ. ಮಳೆ ಹಿಡಿದರೆ ಗೋಡೆಯೇ ಬೆವರುತ್ತದೆ. ಮರದ ಊಟದ ಮೇಜಿನ ಅಡಿಯಲ್ಲಿ ಪ್ರತಿ ವರ್ಷ ಬೂಷ್ಟು. ಒರೆಸು, ಬಿಸಿಲು ಕಂಡ ದಿನ ಅಂಗಳಕ್ಕೆ ಹಾಕು, ಹನಿ ಬಿದ್ದ ಕೂಡಲೇ ಒಳಗೆ ತಾ. ಇದೇ ಕೆಲಸ ಆಗಿತ್ತು. ಬೇಸತ್ತು 2014ರಲ್ಲಿ ಸ್ಟೀಲ್ ಪೈಪಿನ ಚೌಕಟ್ಟಿನ ಮೇಲೆ ಗಾಜು ಕೂರಿಸಿದ ಟೇಬಲ್, ಜೊತೆಗೆ ನಾಲ್ಕು ಕುರ್ಚಿ ಮಾಡಿಸಿದೆ.

ಕುರ್ಚಿಯ ಚಿತ್ರ ತಂದವನು ಆರ್ಕಿಟೆಕ್ಚರ್ ಓದುತ್ತಿದ್ದ ಚಿಕ್ಕಪ್ಪನ ಮಗ. ಪೈಪು ಬೆನ್ನಿನಿಂದ ಇಳಿದು, ಕೂರುವ ಜಾಗದ ಪಕ್ಕದಲ್ಲಿ ಮುಂದಕ್ಕೆ ಬಂದು, ಮಂಡಿಯ ಹತ್ತಿರ ಕೆಳಗೆ ಬಾಗಿ, ನೆಲದ ಮೇಲೆ ಹಿಂದಕ್ಕೆ ಓಡುತ್ತದೆ. ಹಿಂದೆ ಕಾಲೇ ಇಲ್ಲ. ಕೂತರೆ ಸ್ವಲ್ಪ ತೂಗುತ್ತದೆ. 'ಇದು ಥೋನೆಟ್ ಮಾಡೆಲ್ ಕಣಣ್ಣಾ' ಅಂದ. ಆಗ ಆ ಹೆಸರು ನನಗೆ ಯಾವುದೋ ಮಾತ್ರೆಯ ಹೆಸರಿನ ಹಾಗೆ ಕೇಳಿಸಿತು.

ಆಮೇಲೆ ಓದಿಕೊಂಡೆ. ಮೈಕೆಲ್ ಥೋನೆಟ್ ಜರ್ಮನಿಯ ರೈನ್ ನದಿ ದಡದ ಬೊಪಾರ್ಡ್ ಊರಿನ ಬಡಗಿ. 1819ರಲ್ಲಿ ಸ್ವಂತ ಕೆಲಸದ ಮನೆ ಹಾಕಿದ. ಮರವನ್ನು ಕೊರೆದು ಜೋಡಿಸುವ ಬದಲು ಬಗ್ಗಿಸಿ ಕುರ್ಚಿ ಮಾಡುವ ಹುಚ್ಚು ಅವನಿಗೆ. 1842ರಲ್ಲಿ ವಿಯೆನ್ನಾಕ್ಕೆ ಹೋದ. ಅಲ್ಲಿನ ಕಾಫಿ ಹೋಟೆಲುಗಳೇ ಅವನ ದೊಡ್ಡ ಗಿರಾಕಿ. 1859ರಲ್ಲಿ ಬಂದ 14ನೇ ನಂಬರಿನ ಕುರ್ಚಿಯಲ್ಲಿ ಇದ್ದದ್ದು ಆರು ಮರದ ತುಂಡು, ಹತ್ತು ಸ್ಕ್ರೂ, ಎರಡು ನಟ್ಟು. ಬಿಚ್ಚಿದರೆ ಒಂದು ಘನ ಮೀಟರಿನ ಪೆಟ್ಟಿಗೆಯಲ್ಲಿ 36 ಕುರ್ಚಿ ಹಿಡಿಯುತ್ತಿತ್ತು. ಹಡಗಿನಲ್ಲಿ ಎಲ್ಲಿಗೆ ಬೇಕಾದರೂ ಕಳಿಸಬಹುದು. ಮುಂಬೈಯ ಇರಾನಿ ಹೋಟೆಲುಗಳಲ್ಲಿ ಕಾಣುವ ಬಾಗಿದ ಮರದ ಕುರ್ಚಿ ಇದೇ ಜಾತಿಯದು. ಕಾಫಿ ಬೆಳೆಯುವ ನಮ್ಮೂರಿನವರು ಕಾಫಿ ಕುಡಿಯುವವರ ಕುರ್ಚಿಯ ಕಥೆ ಇಷ್ಟು ತಡವಾಗಿ ತಿಳಿಯೋದಾ ಅನ್ನಿಸಿತು.

ಮರ ಬಗ್ಗಿಸಿದ ಅದೇ ಕಂಪನಿ 1920ರ ದಶಕದ ಕೊನೆಗೆ ಪೈಪಿಗೆ ಕೈ ಹಾಕಿತು. ಅದಕ್ಕೆ ದಾರಿ ಮಾಡಿದವನು ಮಾರ್ಸೆಲ್ ಬ್ರಾಯರ್. ಜರ್ಮನಿಯ ಬೌಹೌಸ್ ಎಂಬ ವಿನ್ಯಾಸ ಶಾಲೆಯ ಈ ಹುಡುಗನಿಗೆ 1925ರಲ್ಲಿ 23 ವರ್ಷ. ಸೈಕಲ್ಲಿನ ಹ್ಯಾಂಡಲ್ ನೋಡಿ, ಇಷ್ಟು ತೆಳು ಪೈಪು ಇಷ್ಟು ಭಾರ ಹೊರುತ್ತದೆ ಅಂದರೆ ಕುರ್ಚಿ ಯಾಕಾಗಬಾರದು ಅಂದುಕೊಂಡನಂತೆ. ಅವನ ಪೈಪಿನ ಕುರ್ಚಿಗಳನ್ನು ಮೊದಲು ಮಾಡುತ್ತಿದ್ದ ಸಣ್ಣ ಕಂಪನಿಯನ್ನು ಥೋನೆಟ್ 1929ರಲ್ಲಿ ಕೊಂಡುಕೊಂಡಿತು. ಹಿಂದಿನ ಕಾಲು ತೆಗೆದುಹಾಕಿದ್ದು ಮಾತ್ರ ಡಚ್ ಆರ್ಕಿಟೆಕ್ಟ್ ಮಾರ್ಟ್ ಸ್ಟಾಮ್. ಗ್ಯಾಸ್ ಪೈಪು, ಎಲ್ಬೋ ಜಾಯಿಂಟು ಹಾಕಿ ಮೊದಲನೆಯದನ್ನು ಜೋಡಿಸಿದ. ಗಟ್ಟಿಯಾಗಿ ನಿಂತಿತು, ಆದರೆ ತೂಗಲಿಲ್ಲ. ಆಮೇಲೆ ಬಂದವರು ಜಾಯಿಂಟು ಬಿಟ್ಟು ಪೈಪನ್ನೇ ಬಗ್ಗಿಸಿದಾಗ ತೂಗಾಟ ಬಂತು. ಈ ಆಕಾರ ಯಾರದು ಅಂತ ಜರ್ಮನಿಯಲ್ಲಿ ಕೋರ್ಟು ಮೆಟ್ಟಿಲು ಹತ್ತಿ, 1932ರಲ್ಲಿ ತೀರ್ಪು ಸ್ಟಾಮ್ ಕಡೆಗೆ ಆಯಿತು. ನನ್ನದು ನಕಲು. ಅದನ್ನು ಮುಚ್ಚಿಡುವುದಿಲ್ಲ.

ಈ ಎಲ್ಬೋ ವಿಷಯ ನನಗೆ ಮೊದಲೇ ಗೊತ್ತಿದ್ದಿದ್ದರೆ ಒಂದಿಷ್ಟು ದುಡ್ಡು ಉಳಿಯುತ್ತಿತ್ತು. ನಾನು ಹೋದ ವೆಲ್ಡಿಂಗ್ ಶಾಪಿನಲ್ಲಿ ಪೈಪು ಬಗ್ಗಿಸುವ ಮಿಷನ್ ಇರಲಿಲ್ಲ. 'ಸಾರ್, ರೆಡಿ ಬೆಂಡ್ ಸಿಗುತ್ತೆ, ಹಾಕಿ ವೆಲ್ಡ್ ಮಾಡಿ ಗ್ರೈಂಡ್ ಹೊಡೆದ್ರೆ ಗೊತ್ತೇ ಆಗಲ್ಲ' ಅಂದರು. ನಿಜ, ಗೊತ್ತೇ ಆಗಲಿಲ್ಲ. ಪೈಪು 18 ಗೇಜ್, ಅಂದರೆ ಸುಮಾರು 1.2 ಮಿಮೀ ದಪ್ಪ. ಎಂಟನೇ ತಿಂಗಳಿಗೆ ಒಂದು ಕುರ್ಚಿಯ ಮಂಡಿಯಲ್ಲಿ, ಸರಿಯಾಗಿ ವೆಲ್ಡಿನ ಪಕ್ಕದಲ್ಲಿ, ಕೂದಲೆಳೆಯಷ್ಟು ಬಿರುಕು. ಬೆರಳಾಡಿಸಿದರೆ ಉಗುರು ಸಿಕ್ಕಿಕೊಳ್ಳುತ್ತಿತ್ತು. ಕೂತವರ ಭಾರವೆಲ್ಲ ಬಂದು ನಿಲ್ಲುವುದೇ ಅಲ್ಲಿ. ಹಿಂದೆ ಕಾಲಿದ್ದರೆ ಭಾರ ಹಂಚಿಹೋಗುತ್ತಿತ್ತು. ಇಲ್ಲಿ ಕೂತಾಗಲೆಲ್ಲ ಅದೇ ಜಾಗ ಬಾಗಬೇಕು, ಎದ್ದಾಗ ನೆಟ್ಟಗಾಗಬೇಕು. ವೆಲ್ಡ್ ಮಾಡಿದ ಜಾಗಕ್ಕೆ ಆ ಕೆಲಸ ಹೇಳಬಾರದು.

'ಏನೋ ಮಗಾ, ಹಿಂದ್ಗಡೆ ಕಾಲೇ ಇಲ್ವಲ್ಲೋ' ಅಂತ ಅಜ್ಜಿ ಮೊದಲ ದಿನವೇ ಅಂದಿದ್ದರು. ಬಿರುಕು ಬಂದ ಸುದ್ದಿ ಅವರಿಗೆ ಹೇಳಲೇ ಇಲ್ಲ.

ಎರಡನೇ ಸಲ ಮೆಟ್ಟಿಲಿನ ರೇಲಿಂಗ್ ಮಾಡುವವರನ್ನು ಹಿಡಿದೆ. ಅವರಲ್ಲಿ ಮಿಷನ್ ಇತ್ತು. ಪೈಪಿನೊಳಗೆ ಒಣ ಮರಳು ಬಿಗಿಯಾಗಿ ತುಂಬಿ, ಎರಡೂ ಬಾಯಿ ಮುಚ್ಚಿ ಬಗ್ಗಿಸಿದರು. ಹಾಗೆ ಮಾಡದಿದ್ದರೆ ತಿರುವಿನಲ್ಲಿ ಪೈಪು ಚಪ್ಪಟೆಯಾಗುತ್ತದೆ. ಈ ಸಲ 14 ಗೇಜ್, ಸುಮಾರು 2 ಮಿಮೀ. ಕುರ್ಚಿ ಭಾರವಾಯಿತು, ಆದರೆ ತೂಗಾಟ ಬಂತು. ಕೂರುವ ಜಾಗಕ್ಕೆ, ಬೆನ್ನಿಗೆ ಬೆತ್ತ ಹೆಣೆಸಿದೆ. ಬ್ರಾಯರನ 1928ರ ಕುರ್ಚಿಯಲ್ಲೂ ಮರದ ಚೌಕಟ್ಟಿಗೆ ಬೆತ್ತವೇ ಇದೆ. ಹತ್ತು ವರ್ಷದಲ್ಲಿ ಬೆತ್ತ ಒಮ್ಮೆ ಹೆಣೆಸಿದ್ದು ಬಿಟ್ಟರೆ ಈ ಕುರ್ಚಿಗಳಿಗೆ ಬೇರೆ ಖರ್ಚಿಲ್ಲ. ಅಜ್ಜಿ ಕೊನೆಯವರೆಗೂ ಅದರಲ್ಲಿ ಕೂರಲಿಲ್ಲ, ಅದು ಬೇರೆ ಮಾತು.

ತುಕ್ಕಿನ ವಿಷಯ. ಮೊದಲ ಶಾಪಿನವರು 304 ಸ್ಟೇನ್‌ಲೆಸ್ (ಸುಲಭಕ್ಕೆ ತುಕ್ಕು ಹಿಡಿಯದ ಗ್ರೇಡ್) ಅಂತ ಹೇಳಿ, ಆಯಸ್ಕಾಂತ ಹಿಡಿದು 'ನೋಡಿ ಸಾರ್, ಅಂಟಲ್ಲ' ಅಂತ ತೋರಿಸಿದ್ದರು. ನಾನೂ ತಲೆಯಾಡಿಸಿದ್ದೆ. ಆದರೆ ನಿಕ್ಕಲ್ ಕಡಿಮೆ, ಮ್ಯಾಂಗನೀಸ್ ಜಾಸ್ತಿ ಇರುವ ಅಗ್ಗದ 202ಕ್ಕೂ ಆಯಸ್ಕಾಂತ ಸಾಮಾನ್ಯವಾಗಿ ಅಂಟುವುದಿಲ್ಲ. ಆ ಪರೀಕ್ಷೆಯಿಂದ 304, 202 ಬೇರೆ ಮಾಡಲು ಆಗುವುದಿಲ್ಲ. ಎರಡನೇ ಮಳೆಗಾಲಕ್ಕೆ ಟೇಬಲ್ಲಿನ ಕಾಲಿನ ಬುಡದಲ್ಲಿ ಚಹಾ ಬಣ್ಣದ ಚುಕ್ಕೆ ಎದ್ದವು. ಈಗಲೂ ಇವೆ. ನೀವು ಮಾಡಿಸುವುದಾದರೆ ಪೈಪಿನ ಮೇಲಿನ ಅಚ್ಚು ನೋಡಿ, ಬಿಲ್ಲಿನಲ್ಲಿ ಗ್ರೇಡ್ ಬರೆಸಿಕೊಳ್ಳಿ.

ಗಾಜು 12 ಮಿಮೀ ಟಫನ್ಡ್, 5 ಅಡಿಗೆ 3 ಅಡಿ. ಒಂದು ಚದರ ಮೀಟರ್ ಗಾಜು, ಒಂದು ಮಿಮೀ ದಪ್ಪಕ್ಕೆ ಎರಡೂವರೆ ಕೆಜಿ ತೂಗುತ್ತದೆ. ಆ ಲೆಕ್ಕದಲ್ಲಿ ನಮ್ಮದು ಸುಮಾರು 42 ಕೆಜಿ. ಇಬ್ಬರು ಬೇಕೇ ಬೇಕು. ಚೌಕಟ್ಟು ಅರ್ಧ ಇಂಚು ಚಿಕ್ಕದಾಗಿತ್ತು, ಗಾಜನ್ನೇ ಸ್ವಲ್ಪ ಕತ್ತರಿಸೋಣ ಅಂದೆ. ಗಾಜಿನವರು ನಕ್ಕರು. 600 ಡಿಗ್ರಿಗಿಂತ ಜಾಸ್ತಿ ಕಾಯಿಸಿ, ತಟಕ್ಕನೆ ಗಾಳಿ ಊದಿ ತಣಿಸಿರುತ್ತಾರೆ. ಹೊರಮೈ ಬಿಗಿದುಕೊಂಡು, ಒಳಗು ಎಳೆದುಕೊಂಡು ಕೂತಿರುತ್ತದೆ. ಆಮೇಲೆ ಕತ್ತರಿಸಲು, ತೂತು ಹೊಡೆಯಲು ಹೋದರೆ ಇಡೀ ಹಲಗೆ ಪುಡಿ.

ಆ ಪುಡಿಯನ್ನು 2019ರಲ್ಲಿ ಕಣ್ಣಾರೆ ಕಂಡೆ. ಹಬ್ಬದ ದಿನ ಪಾಯಸದ ಹಿತ್ತಾಳೆ ಪಾತ್ರೆ ಒಯ್ಯುವಾಗ ಅದರ ಅಂಚು ಗಾಜಿನ ಮೂಲೆಗೆ ತಗುಲಿತು. ಜೋರಾಗೇನೂ ಅಲ್ಲ. ಪಟ್ ಅಂತ ಒಂದು ಸದ್ದು, 42 ಕೆಜಿಯೂ ನೆಲಕ್ಕೆ. ಟಫನ್ಡ್ ಗಾಜಿನ ನಡುವೆ ಗುದ್ದಿದರೂ ತಡೆಯುತ್ತದೆ, ಮೂಲೆ ಮಾತ್ರ ಅದರ ಮರ್ಮ. ಯಾರಿಗೂ ಗಾಯ ಆಗಲಿಲ್ಲ, ಅದಕ್ಕೆ ಪೂರ್ತಿ ಮಾರ್ಕು ಕೊಡುತ್ತೇನೆ. ಚೂರುಗಳು ಥೇಟ್ ಕಲ್ಲುಸಕ್ಕರೆ. ನಮ್ಮ ಚಿಕ್ಕವಳು ಒಂದನ್ನು ಬಾಯಿಗೆ ಹಾಕಿಕೊಳ್ಳಲು ಹೊರಟಿದ್ದಳು. ಒದ್ದೆ ಪೇಪರಿನಲ್ಲಿ ಒತ್ತಿ ಒತ್ತಿ ಹೆಕ್ಕಿದೆವು. ತಿಂಗಳಾದ ಮೇಲೂ ಫ್ರಿಜ್ಜಿನ ಕೆಳಗೆ ಸಿಗುತ್ತಿತ್ತು. ಹೊಸ ಗಾಜಿಗೆ ಮೂಲೆ ದುಂಡಗೆ ಮಾಡಿಸಿದ್ದೇನೆ.

ದಿನದ ಬಳಕೆ ಹೇಗೆ ಅಂದರೆ, ಬೂಷ್ಟು ಇಲ್ಲವೇ ಇಲ್ಲ. ಆದರೆ ಕಾಫಿ ಲೋಟ ಇಟ್ಟಾಗಲೆಲ್ಲ ಠಣ್. ಬೆರಳಚ್ಚು, ಲೋಟದ ಉಂಗುರ, ಎಲ್ಲ ಕಾಣುತ್ತದೆ. ಬಾಳೆಲೆ ಹಾಕಿದರೆ ಜಾರುತ್ತದೆ, ಸಾರು ಯಾರ ಕಡೆಗೆ ಓಡುತ್ತದೋ ಹೇಳಲಾಗದು. ಕಡುಬು, ಚಟ್ನಿಗೆ ತೊಂದರೆ ಇಲ್ಲ. ಇನ್ನೊಂದು, ಊಟ ಮಾಡುವಾಗ ತಟ್ಟೆಯ ಪಕ್ಕದಲ್ಲೇ ಎಲ್ಲರ ಕಾಲು ಕಾಣುತ್ತದೆ. 'ಅನ್ನದ ಪಕ್ಕ ಕಾಲು ನೋಡ್ತಾ ಉಣ್ಬೇಕಾ' ಅಂತ ಅತ್ತೆ ಕೇಳಿದ ಮೇಲೆ ನಡುವೆ ಉದ್ದಕ್ಕೆ ಒಂದು ಬಟ್ಟೆ ಹಾಸಿದೆವು. ಗಾಜಿನ ಟೇಬಲ್ ಮಾಡಿಸಿ ಅದರ ಮೇಲೆ ಬಟ್ಟೆ! ಇದು ನಮ್ಮ ಮನೆಯ ಕಥೆ.

ಮತ್ತೆ ಮಾಡಿಸುತ್ತೀರಾ ಅಂದರೆ, ಕುರ್ಚಿ ಖಂಡಿತ. ಇನ್ನೆರಡಕ್ಕೆ ಹೇಳಿದ್ದೇನೆ, 14 ಗೇಜೇ. ಗಾಜಿನ ಟೇಬಲ್ ವರಾಂಡದಲ್ಲಿ ಪೇಪರ್ ಓದಲು ಸರಿ, ಊಟಕ್ಕೆ ಬೇಡ. ಸದ್ಯಕ್ಕೆ ಕುರ್ಚಿಗಳ ಕೆಳಗಿನ ರಬ್ಬರ್ ಬುಷ್ ಸವೆದು ಕೆಂಪು ನೆಲದ ಮೇಲೆ ಕಪ್ಪು ಗೀರು ಬೀಳುತ್ತಿದೆ. ಬಿಳಿ ನೈಲಾನಿನದು ಹುಡುಕುತ್ತಿದ್ದೇನೆ, 25 ಮಿಮೀ ಪೈಪಿಗೆ ಹಿಡಿಯುವಂಥದ್ದು.